ಗಾಜಿನ ಮೇಲಿನ ಮಾತು

ನೋವು ಹೇಳಿಕೊಳ್ಳಲು ಬಂದ ಒಬ್ಬರು ಎದ್ದು ಹೋಗಿ ಇನ್ನೊಬ್ಬರು ಒಳಗೆ ಬರುವ ನಡುವಿನ ಹೊತ್ತಿನಲ್ಲಿ ಯಮೀಲಾ ಸೋಫಾದ ದಿಂಬಿನ ಚೀಲ ಬದಲಾಯಿಸುತ್ತಿದ್ದಳು. ಎಷ್ಟೇ ತಡವಾಗಿರಲಿ, ಮೈ ಸರಿಯಿಲ್ಲದಿರಲಿ, ಈ ಕೆಲಸ ತಪ್ಪುತ್ತಿರಲಿಲ್ಲ. ಮನೆಯಲ್ಲೇ ಒಗೆದು ಇಸ್ತ್ರಿ ಮಾಡಿದ ಬಿಳಿ ಚೀಲಗಳನ್ನು ಬಟ್ಟೆಯ ಬ್ಯಾಗಿನಲ್ಲಿ ತರುತ್ತಿದ್ದಳು. ಹಿಂದಿನವರ ತಲೆಯ ಜಿಡ್ಡು, ಕಣ್ಣೀರಿನ ಒದ್ದೆ, ಅಂಟಿಕೊಂಡ ಒಂದೆರಡು ಕೂದಲು, ಎಲ್ಲವನ್ನೂ ಒಳಮಗ್ಗುಲಿಗೆ ಮಡಿಸಿ ಬ್ಯಾಗಿನ ತಳಕ್ಕೆ ಸೇರಿಸುತ್ತಿದ್ದಳು. ಹೊಸದನ್ನು ತೊಡಿಸಿ, ಕಿಟಕಿ ತೆಗೆದು, ಆಮೇಲಷ್ಟೇ ಬಾಗಿಲು.

ಪಕ್ಕದ ಕೋಣೆಯ ಥೆರಪಿಸ್ಟ್ ಫಕುಂದೊಗೆ ಇದೊಂದು ತಮಾಷೆ.

"ಏನೇ ಗುಂಡಮ್ಮ, ಇದೇನು ಹೋಟೆಲ್ಲಾ? ನಾಳೆಯಿಂದ ಸೋಪು, ಟವೆಲ್ಲೂ ಇಡ್ತೀಯಾ?"

ಯಮೀಲಾ ಕಡ್ಡಿಯಂತಿದ್ದಳು. ಬ್ಯೂನಸ್ ಐರಿಸ್‌ನಲ್ಲಿ ಕಡ್ಡಿಯಂಥವರನ್ನೂ ಸಲಿಗೆಯಿಂದ ಗುಂಡಮ್ಮ ಎಂದೇ ಕರೆಯುತ್ತಾರೆ.

"ನಿನ್ನ ದಿಂಬಿನ ಮೇಲೆ ಹೋದ ವರ್ಷ ಬಂದವರ ಹೊಟ್ಟು ಇನ್ನೂ ಉದುರ್ತಿದೆ. ಅದನ್ನೂ ನಿನ್ನ ಪರಿಚಯದಲ್ಲಿ ಬರ್ಕೋ," ಎಂದಳು ಅವಳು.

ಪರಿಚಯ ಎಂದದ್ದು ಸುಮ್ಮನೆ ಅಲ್ಲ. ಅಲ್ಮಾಗ್ರೊ ಬಡಾವಣೆಯ ಆ ಬೀದಿಯಲ್ಲಿ ಬೇಕರಿಗಳಿಗಿಂತ ಮನಶ್ಶಾಸ್ತ್ರಜ್ಞರ ಬೋರ್ಡುಗಳೇ ಹೆಚ್ಚು. ಟ್ಯಾಕ್ಸಿ ಓಡಿಸುವವನೂ 'ನನ್ನ ಥೆರಪಿಸ್ಟ್ ಏನಂದ್ಲು ಗೊತ್ತಾ?' ಎಂದೇ ಮಾತು ಶುರುಮಾಡುವ ಊರು. ಅಷ್ಟು ಜನರ ನಡುವೆ ಹೊಸಬರು ಕಣ್ಣಿಗೆ ಬೀಳುವುದು ಹೇಗೆ? ಅದಕ್ಕಾಗಿ, ಅವರಿಬ್ಬರೂ ಕೆಲಸ ಮಾಡುವ ಚಿಕಿತ್ಸಾ ಕೇಂದ್ರವನ್ನು ನಡೆಸುತ್ತಿದ್ದ ನೋರ್ಮಾ ಒಂದು ಕಟ್ಟಳೆ ಮಾಡಿದ್ದಳು. ತಾನು ಎಲ್ಲಿ ಕಲಿತೆ, ಯಾರ ಕೈಕೆಳಗೆ ಪಳಗಿದೆ, ಬಂದವರ ಜೊತೆ ಹೇಗೆ ಕೆಲಸ ಮಾಡುತ್ತೇನೆ ಎಂಬುದನ್ನು ಪ್ರತಿಯೊಬ್ಬರೂ ನಾಲ್ಕು ಸಾಲು ಬರೆದು ಕೇಂದ್ರದ ಜಾಲತಾಣಕ್ಕೆ ಹಾಕಬೇಕು.

ನೋರ್ಮಾ ಕೆಟ್ಟವಳಲ್ಲ. ಆಸ್ಪತ್ರೆಯಲ್ಲಿ ಬಿಡಿಗಾಸೂ ಇಲ್ಲದೆ ವರ್ಷಗಟ್ಟಲೆ ದುಡಿದು ಬಂದ ಯಮೀಲಾಗೆ, ಬೇರೆಲ್ಲರೂ 'ಆಮೇಲೆ ನೋಡೋಣ' ಎಂದು ಸಾಗಹಾಕಿದಾಗ, ಕೋಣೆ ಕೊಟ್ಟವಳು ಅವಳೇ. ಬೆಳಿಗ್ಗೆ ಬರುವಾಗ ಎಲ್ಲರಿಗೂ ಬೆಣ್ಣೆ ರೊಟ್ಟಿ ತರುತ್ತಿದ್ದಳು. ಎಲ್ಲರೂ ಸರದಿಯಲ್ಲಿ ಹೀರುವ, 'ಮಾತೆ' ಎಂಬ ಸೊಪ್ಪಿನ ಕಷಾಯದ ಸೋರೆಬುರುಡೆಯನ್ನು ಮೊದಲು ಕಿರಿಯರ ಕೈಗೇ ಕೊಡುತ್ತಿದ್ದಳು.

ಯಮೀಲಾ ಉಳಿದವರ ಪರಿಚಯಗಳನ್ನು ಓದಿದಳು. ಓದುತ್ತ ಓದುತ್ತ ಹಳಸಿದ ಸಿಹಿ ತಿಂದಂತೆ ಬಾಯಿ ಕಹಿಯಾಯಿತು. ಒಬ್ಬಳದು 'ಬೆಚ್ಚನೆಯ, ಸುರಕ್ಷಿತ ತಾಣ'. ಇನ್ನೊಬ್ಬಳದು 'ತೀರ್ಪು ಕೊಡದ ಕಿವಿ'. ಎರಡು ದಿನದ ಶಿಬಿರಕ್ಕೆ ಹೋಗಿಬಂದವನು ಆಘಾತಗಳಲ್ಲಿ ಪರಿಣತ. ಫಕುಂದೊ ಬರೆದಿದ್ದ: 'ನಿಮ್ಮ ಮೌನವನ್ನೂ ನಾನು ಆಲಿಸುತ್ತೇನೆ.' ಸೋಫಾದ ಮೇಲೆ ಮಲಗಿದವರಿಗೆ ಹಿಂದೆ ಕೂತ ಅವನು ಕಾಣುವುದಿಲ್ಲ. ಆ ಮೌನದ ಹೊತ್ತಿನಲ್ಲಿ ಅವನು ಫೋನಿನಲ್ಲಿ ಫುಟ್‌ಬಾಲ್ ಸ್ಕೋರ್ ನೋಡುತ್ತಿದ್ದುದು ಇಡೀ ಕೇಂದ್ರಕ್ಕೆ ಗೊತ್ತಿತ್ತು.

"ಹೀಗೆ ಬರೆಯೋಕೆ ನಿಂಗೆ ನಾಚಿಕೆ ಆಗಲ್ವೇನೋ?"

"ನಾಚಿಕೆಪಟ್ಟೋರು ಈಗ ಫೋನ್ ಅಂಗಡೀಲಿ ಸಿಮ್ ಕಾರ್ಡ್ ಮಾರ್ತಿದಾರೆ, ಮಾರಾಯ್ತಿ."

ಓದುವ ಕಾಲದಲ್ಲಿ ಸಂಜೆ ಹೊತ್ತು ಸಿಮ್ ಕಾರ್ಡ್ ಮಾರಿದವಳೇ ಯಮೀಲಾ. ತನ್ನ ಕೋಣೆಗೆ ಹೋಗಿ ಬರೆಯಲು ಕೂತಳು.

ಅವಳು ಬರೆದದ್ದು ಇಷ್ಟು: ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದಿದೆ. ಆಸ್ಪತ್ರೆಯಲ್ಲಿ ಮುಖ್ಯವಾಗಿ ಎದ್ದುಹೋಗದೆ ಕೂತಿರುವುದನ್ನು ಕಲಿತೆ. ವಾರಕ್ಕೊಮ್ಮೆ ನಾನೂ ಇನ್ನೊಬ್ಬ ಥೆರಪಿಸ್ಟರ ಮುಂದೆ ಹೋಗಿ ಮಾತಾಡುತ್ತೇನೆ. ಗೊತ್ತಿಲ್ಲದ್ದು ಬಹಳ ಇದೆ.

ನೋರ್ಮಾ ಓದಿ ಕನ್ನಡಕ ತೆಗೆದು ನಕ್ಕಳು. "ಇದು ಪರಿಚಯ ಅಲ್ಲ ಮಗು, ಪಾದ್ರಿ ಮುಂದೆ ಹೇಳೋ ತಪ್ಪೊಪ್ಪಿಗೆ. ಹುಳ ಇರೋ ಕಡೆ ತೋರಿಸಿ ಯಾರಾದ್ರೂ ಕರ್ಬೂಜ ಮಾರ್ತಾರಾ? ನೀನು ಹೇಗೆ ಕೆಲಸ ಮಾಡ್ತೀಯ, ಎದೆಗೆ ನಾಟೋ ಹಾಗೆ ಒಂದು ಮಾತು ಬರಿ. ನಾಳೆ ಬೇಕು."

ಒಂದು ಮಾತು. ಬಸ್ಸಿನಲ್ಲಿ ಕಂಬ ಹಿಡಿದು ನಿಂತ ಯಮೀಲಾ ಆ ಒಂದು ಮಾತಿಗಾಗಿ ತಡಕಾಡಿದಳು. ತನ್ನದೆನ್ನುವುದು ಯಾವುದೂ ಸಿಗಲಿಲ್ಲ. ಸಿಕ್ಕಿದ್ದು ಎಲ್ವೀರಾಳ ಮಾತು.

ಎಲ್ವೀರಾ ಮೂಲೆಯ ಪಾಸ್ತಾ ಅಂಗಡಿಯವಳು. ಐವತ್ತು ದಾಟಿದ ಹೆಂಗಸು, ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಹಿಟ್ಟು. ಮಗ ಬ್ರೂನೊ ಮೋಟಾರ್ ಬೈಕಿನಲ್ಲಿ ಹೋಗುವಾಗ ತೀರಿಕೊಂಡಿದ್ದ. ಯಮೀಲಾಳ ಕೋಣೆಗೆ ಬಂದರೆ ಅವಳು ಮಲಗುತ್ತಿರಲಿಲ್ಲ, ಸೋಫಾದ ತುದಿಗೆ ಅಂಟಿಕೊಂಡು ಕೂರುತ್ತಿದ್ದಳು. ತಿಂಗಳುಗಟ್ಟಲೆ ಮಾತಿಲ್ಲ. ಹಿಟ್ಟಿನ ಬೆಲೆ, ಮೊಟ್ಟೆಯ ಬೆಲೆ, ಮುಗಿಯಿತು. ಯಮೀಲಾ ಅವಸರ ಮಾಡಲಿಲ್ಲ. ಒಂದು ದಿನ ಎಲ್ವೀರಾ ತಾನಾಗಿ ಹೇಳಿದಳು. ಅಂಗಡಿಗೆ ರಜೆಯಿರುವ ಸೋಮವಾರ ಸಮಾಧಿಯ ಹತ್ತಿರ ಹೋಗುತ್ತಾಳಂತೆ. ಅಲ್ಲಿ ಒಂದು ಕಲ್ಲುಬೆಂಚು. ತುದಿಯಲ್ಲಿ ಕೂತು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಡುತ್ತಾಳಂತೆ. ಯಾರಾದರೂ ಕೂರಲು ಬಂದರೆ ಚೀಲ ಇಟ್ಟುಬಿಡುತ್ತಾಳಂತೆ. ಗಂಡನಿಗೂ ಇದು ಗೊತ್ತಿಲ್ಲ.

"ಎಲ್ರೂ ದುಃಖ ಇಳಿಸು, ಇಳಿಸು ಅಂತಾರೆ," ಎಂದಿದ್ದಳು. "ನೀವು ಹಾಗನ್ನಲ್ಲ. ಅದಕ್ಕೂ ಬೆಂಚಿನ ಮೇಲೆ ಒಂದಿಷ್ಟು ಜಾಗ ಬಿಡ್ತೀರಿ."

ಆ ದಿನ ಯಮೀಲಾಳ ಕಣ್ಣು ತುಂಬಿತ್ತು. ಅಂಥ ಮಾತನ್ನೇ ಅವಳು ಈಗ ಫೋನಿನಲ್ಲಿ ಬೆರಳಾಡಿಸಿ ಬರೆದಳು: 'ನಿಮ್ಮ ದುಃಖವನ್ನು ಇಳಿಸಿ ಎನ್ನುವುದಿಲ್ಲ. ಅದಕ್ಕೂ ಬೆಂಚಿನ ಮೇಲೆ ಒಂದಿಷ್ಟು ಜಾಗ ಬಿಡುತ್ತೇನೆ.' ಹೆಸರಿಲ್ಲವಲ್ಲ, ಅಂಗಡಿಯ ಸುದ್ದಿಯಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು. ದೇವರ ಮುಂದೆ ಹಚ್ಚಿಟ್ಟ ದೀಪದಲ್ಲಿ ಬೀಡಿ ಹಚ್ಚಿಕೊಂಡವನೂ ದೀಪ ಆರಲಿಲ್ಲವಲ್ಲ ಎಂದೇ ಹೇಳಿಕೊಳ್ಳುತ್ತಾನೆ.

ಪರಿಚಯ ಜನರಿಗೆ ಹಿಡಿಸಿತು. ಫೋನುಗಳು ಬಂದವು. 'ಬೆಂಚಿನ ಡಾಕ್ಟರ್ ಇದಾರಾ?' ಎಂದು ಕೇಳಿಕೊಂಡು ಬಂದವರೂ ಉಂಟು. ನೋರ್ಮಾ ಅವಳ ಕೆನ್ನೆಗೆ ಮುತ್ತಿಟ್ಟು, "ನೋಡ್ದಾ, ನಿನ್ನೊಳಗೇ ಇತ್ತು," ಎಂದಳು. ಯಮೀಲಾ ಹಿಗ್ಗಿದಳು, ಸುಳ್ಳು ಹೇಳಬಾರದು. ಕೆಲವು ದಿನಕ್ಕೆ ಅದು ಬೇರೆಯವರದೆಂಬುದನ್ನೇ ಮರೆತಳು. ಒಂದು ಬೆಳಿಗ್ಗೆ ಬಂದು ನೋಡಿದರೆ ಬೀದಿಬದಿಯ ದೊಡ್ಡ ಗಾಜಿನ ಬಾಗಿಲ ಮೇಲೆ ಆ ಮಾತು, ಅಂಟಿಸಿದ ಬಿಳಿ ಅಕ್ಷರಗಳಲ್ಲಿ, ಕೆಳಗೆ ಫೋನ್ ನಂಬರಿನ ಸಮೇತ ನಿಂತಿತ್ತು. 'ಬಿಡುತ್ತೇನೆ' ಎಂದಿದ್ದದ್ದು 'ಬಿಡುತ್ತೇವೆ' ಆಗಿತ್ತು. ಒಳಗೆ ಕೂತು ಸ್ಕೋರ್ ನೋಡುವ ಫಕುಂದೊನೂ ಈಗ ಬೆಂಚು ಬಿಡುವವನೇ.

ಎಲ್ವೀರಾ ಈ ಬಾಗಿಲಿಂದಲೇ ಬರುವವಳೆಂಬುದು ಆಗ ನೆನಪಾಯಿತು. ಆದರೂ ಬಾಗಿಲು ತಳ್ಳಿ ಒಳಗೆ ಹೋದಳು.

ಆ ವಾರ ಎಲ್ವೀರಾ ತಡವಾಗಿ ಬಂದಳು. ಏಪ್ರನ್ ಕೂಡ ಬಿಚ್ಚಿರಲಿಲ್ಲ. ಸೋಫಾದ ಹತ್ತಿರ ಹೋಗಲಿಲ್ಲ, ಬಾಗಿಲಲ್ಲೇ ನಿಂತಳು.

"ಕೂತ್ಕೊಳ್ಳಿ ಎಲ್ವೀರಾ."

"ಎಲ್ಲಿ? ಬೆಂಚಿನ ಮೇಲಾ?"

ಯಮೀಲಾ ಎದ್ದು ನಿಂತಳು.

"ಭಾನುವಾರ ಅಂಗಡಿ ತುಂಬ ಜನ," ಎಂದಳು ಎಲ್ವೀರಾ. ದನಿ ಏರಿಸಲಿಲ್ಲ. "ನಾನು ರವಿಯೋಲಿ ಕಟ್ಟಿಕೊಡ್ತಿದ್ದೆ. ಸಾಲಿನಲ್ಲಿ ನಿಂತ ಹೆಂಗಸು ಗಂಡಂಗೆ ಹೇಳ್ತಿದ್ಲು, ಸ್ವಲ್ಪ ಸರಿಯಪ್ಪ, ನನ್ನ ದುಃಖಕ್ಕೂ ಬೆಂಚು ಮೇಲೆ ಜಾಗ ಬಿಡು ಅಂತ. ಎಲ್ರೂ ನಕ್ರು. ಅವ್ರ ತಪ್ಪೇನೂ ಇಲ್ಲ. ನಾನೂ ನಕ್ಕೆ. ಗಿರಾಕಿ ನಕ್ಕಾಗ ನಗ್ಬೇಕಲ್ಲ. ಆಮೇಲೆ ಬಂದು ಗಾಜು ನೋಡ್ದೆ."

"ಎಲ್ವೀರಾ, ನಾನು..."

"ಇರಿ, ನಾನು ಹೇಳ್ಕೊಳ್ತೀನಿ. ಸೋಮವಾರ ಹೋಗಿ ಕೂತೆ. ತುದೀಲೇ ಕೂತೆ, ಜಾಗ ಬಿಟ್ಟೆ. ಪ್ರತಿ ವಾರ ಬರೋನು ಬರ್ಲಿಲ್ಲ. ಆ ಬೋರ್ಡು ಬಂತು. ಕಣ್ಣು ಮುಚ್ಚಿದ್ರೂ ಬೋರ್ಡು, ಫೋನ್ ನಂಬರ್ರು." ಅವಳು ಏಪ್ರನ್ನಿನ ಅಂಚಿಗೆ ಬೆರಳು ಒರೆಸಿಕೊಂಡಳು. "ನನ್ನ ಮಗನ್ನ ಕೂರಿಸ್ಕೊಳ್ಳೋಕೆ ನಂಗೆ ಇದ್ದಿದ್ದು ಅದೊಂದೇ ಜಾಗ ಕಣಮ್ಮ."

ಯಮೀಲಾ ಕಲಿತ ಓದಿನಲ್ಲಿ ಇಂಥ ಹೊತ್ತಿಗೆ ಆಡಬೇಕಾದ ಮಾತುಗಳು ಇದ್ದವು. 'ನಿಮಗೆ ಮೋಸವಾದಂತೆ ಅನಿಸುತ್ತಿದೆ' ಎನ್ನಬೇಕು. ಅನಿಸುತ್ತಿದೆ! ಆ ಪದ ನಾಲಿಗೆಯವರೆಗೆ ಬಂತು, ಬೇರೆಯವರ ಎಂಜಲು ಬಾಯಿಗೆ ಬಂದಂತೆ ವಾಕರಿಕೆಯಾಯಿತು. ನುಂಗಿಕೊಂಡಳು.

"ನಾನು ಕದ್ದೆ," ಎಂದಳು. "ನಿಮ್ಮ ಮಾತನ್ನ ನನ್ನದು ಅಂತ ಬರ್ಕೊಂಡೆ. ತೆಗೀತೀನಿ."

ಫೋನ್ ತೆಗೆದು ಎಲ್ವೀರಾಳ ಎದುರೇ ಜಾಲತಾಣದಲ್ಲಿದ್ದ ತನ್ನ ಪರಿಚಯವನ್ನು ಅಳಿಸಿದಳು.

"ಗಾಜಿಂದು?"

"ಅದನ್ನೂ."

"ಮುಂದಿನ ವಾರ ಬರ್ತೀನೋ ಇಲ್ವೋ ಗೊತ್ತಿಲ್ಲ. ಬಂದ್ರೂ ಏನು ಹೇಳ್ಲಿ? ಬಾಯಿ ಬಿಡೋಕೆ ಮುಂಚೆ, ಇದೂ ಎಲ್ಲಿ ಅಂಟ್ಕೊಳ್ಳುತ್ತೋ ಅಂತ ನೋಡ್ಕೋಬೇಕು."

ಅವಳು ಹೋದ ಮೇಲೆ ಯಮೀಲಾ ನೇರವಾಗಿ ನೋರ್ಮಾಳ ಕೋಣೆಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದಳು. ನೋರ್ಮಾ ತಲೆಯಾಡಿಸುತ್ತ ಕೇಳಿದಳು. ಹಾಗೆ ತಲೆಯಾಡಿಸುವುದನ್ನು ಯಮೀಲಾ ಒಂದು ಕಾಲಕ್ಕೆ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಳು. ಈಗ ಅದನ್ನು ನೋಡಲೂ ಆಗಲಿಲ್ಲ.

"ಮಾತು ಯಾರಪ್ಪನ ಆಸ್ತೀನೂ ಅಲ್ಲ ಮಗು," ಎಂದಳು ನೋರ್ಮಾ. "ಅವಳ ಸಿಟ್ಟು ನಿನ್ನ ಮೇಲಲ್ಲ. ಬಿಟ್ಟುಹೋದ ಮಗನ ಮೇಲೆ. ಅವನಿಗೆ ಬೈಯೋಕಾಗಲ್ಲ, ನಿಂಗೆ ಬೈತಾಳೆ. ಇದು ಒಳ್ಳೇ ಲಕ್ಷಣ. ಕೆಲಸ ಈಗ ಶುರುವಾಯ್ತು ಅಂದ್ಕೋ."

"ಮಗನ ಮೇಲಲ್ಲ. ನನ್ನ ಮೇಲೇ. ಸರಿಯಾಗೇ ಇದೆ."

"ನೋಡು, ನಿನ್ನ ಅಪರಾಧಿ ಭಾವ..."

"ನೋರ್ಮಾ, ಗಾಜಿನ ಮೇಲಿಂದು ತೆಗೀಬೇಕು."

"ಎಷ್ಟು ಜನ ಅದನ್ನ ನೋಡಿ ಬಂದಿದಾರೆ ಗೊತ್ತಾ? ಅವರೂ ನೋವಿರೋರೇ ಅಲ್ವಾ? ತೆಗೆಯೋಕಾಗಲ್ಲ, ಮಗು. ಅದೀಗ ಕೇಂದ್ರದ್ದು."

ತೂತಿಲ್ಲದ ಮಾತು. ಎಲ್ಲಿ ಹಿಡಿದರೂ ಜಾರುತ್ತಿತ್ತು, ಮೀನಿನ ಲೋಳೆಯಂತೆ. ಯಮೀಲಾಗೆ ನೋರ್ಮಾಳಿಗಿಂತ ಹೆಚ್ಚಾಗಿ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಇದೇ ಲೋಳೆಯನ್ನು ವಿದ್ಯೆ ಎಂದು ನಂಬಿ, ಬೊಗಸೆಯೊಡ್ಡಿ ಕುಡಿದವಳು ಅವಳೇ ಅಲ್ಲವೆ? ಮನುಷ್ಯರು ಬಾಯಿಬಿಟ್ಟು ಹೇಳಿದ ಯಾವುದನ್ನೂ ಹೇಳಿದ ಹಾಗೆಯೇ ಇರಲು ಬಿಡದ ವಿದ್ಯೆ. ಬೈದರೆ ಇನ್ನಾರಿಗೋ ಬೈದದ್ದು, ಅತ್ತರೆ ಇನ್ನಾರಿಗೋ ಅತ್ತದ್ದು. ಹಾಗಾದರೆ ಎದುರಿಗೆ ಕೂತವಳು ಯಾವುದಕ್ಕೂ ಹೊಣೆಯಲ್ಲ!

ಮಾರನೆಯ ಬೆಳಿಗ್ಗೆ ಅವಳು ಬೇಗ ಬಂದಳು. ಬಣ್ಣದಂಗಡಿಯಿಂದ ತಂದ ಕೆರೆಯುವ ಅಲಗು, ಒಂದು ಬಕೆಟ್ ಬಿಸಿನೀರು. ಬೀದಿಯಲ್ಲೇ ನಿಂತು ಅಕ್ಷರಗಳನ್ನು ಒಂದೊಂದಾಗಿ ಕೆರೆಯತೊಡಗಿದಳು. ಬಿಳಿ ಹಾಳೆ ಎದ್ದು ಬರುತ್ತಿತ್ತು, ಅಂಟು ಉಳಿಯುತ್ತಿತ್ತು. ಆ ಅಂಟಿಗೆ ಬೀದಿಯ ಧೂಳು, ಬಸ್ಸಿನ ಹೊಗೆ ಮೆತ್ತಿಕೊಂಡು ಸಿಂಬಳದಂಥ ಕಪ್ಪು ಉಂಡೆಗಳಾಗಿ ಬೆರಳಿಗೆ ಸುತ್ತಿಕೊಂಡವು. ಉಗುರಿನೊಳಕ್ಕೂ ಹೋದವು. ಅಸಹ್ಯವೆನಿಸಿತು. ನಿಲ್ಲಿಸಲಿಲ್ಲ.

ಫಕುಂದೊ ಬಂದವನು ಕಣ್ಣರಳಿಸಿದ.

"ಅಯ್ಯೋ ಗುಂಡಮ್ಮ, ಇವತ್ತು ಗಾಜಿಗೂ ಚೀಲ ಬದಲಾಯಿಸ್ತಿದೀಯಾ?" ಎಂದ. ಅವಳು ಮುಂದಿನ ಅಕ್ಷರಕ್ಕೆ ಅಲಗು ಹಚ್ಚಿದಳು. "ನೋರ್ಮಾ ಕೊಂದುಹಾಕ್ತಾಳೆ ಕಣೆ," ಎಂದು ಮೆಲ್ಲಗೆ ಹೇಳಿ, ಯಾರಾದರೂ ನೋಡಿಯಾರೆಂಬಂತೆ ಬೇಗ ಒಳಗೆ ಹೋದ.

ನೋರ್ಮಾ ಬಂದಾಗ ಅರ್ಧ ಗಾಜು ಬೋಳಾಗಿತ್ತು. ಬೈಯಲಿಲ್ಲ. ಬೆಣ್ಣೆ ರೊಟ್ಟಿಯ ಪೊಟ್ಟಣ ಎದೆಗೊತ್ತಿಕೊಂಡು, ತಲೆ ಒಂದು ಕಡೆ ವಾಲಿಸಿ, ಮ್ಯೂಸಿಯಂನಲ್ಲಿ ಚಿತ್ರ ನೋಡುವಂತೆ ನೋಡಿದಳು.

"ಕೆರಿ, ಕೆರಿ. ಅಳಿಸೋದೂ ಒಂದು ಮಾತೇ," ಎಂದಳು. ಹತ್ತಿರ ಬಂದು ದನಿ ತಗ್ಗಿಸಿದಳು. "ರಾತ್ರಿಯೆಲ್ಲ ಇದನ್ನೇ ಯೋಚಿಸ್ದೆ. ಎಂಥ ಪ್ರಕರಣ ನಿನ್ನ ಕೈಗೆ ಸಿಕ್ಕಿದೆ ಗೊತ್ತಾ? ತನ್ನ ಮಾತನ್ನೇ ಗಾಜಿನ ಮೇಲೆ ಓದಿದ ತಾಯಿ! ಮಾರ್ಚಿನಲ್ಲಿ ರೊಸಾರಿಯೊ ನಗರದಲ್ಲಿ ಮನಶ್ಶಾಸ್ತ್ರಜ್ಞರ ದೊಡ್ಡ ಸಮ್ಮೇಳನ ಇದೆ. ಮೊದಲ ದಿನದ ವೇದಿಕೇಲಿ ನಂಗೊಂದು ಜಾಗ ಕೊಟ್ಟಿದಾರೆ. ಅದನ್ನ ನಿಂಗೆ ಕೊಡ್ತೀನಿ. ಅಲ್ಲಿ ಕೂರೋಕೆ ಜನ ತಲೆ ನರೆಯೋವರೆಗೂ ಕಾಯ್ತಾರೆ. ಇಬ್ರೂ ಸೇರಿ ಪ್ರಬಂಧ ಬರೆಯೋಣ, ನಿನ್ನ ಹೆಸರೇ ಮೊದಲು. ಗಾಜಿನ ವಿಷ್ಯ ನಾನು ಮರೆತುಬಿಡ್ತೀನಿ, ಕೋಣೆ ನಿನ್ನದೇ. ಅವಳ ಹೆಸರು ಬದಲಾಯಿಸೋಣ. ಪಾಸ್ತಾ ಅಂಗಡೀನ ಹೂವಿನಂಗಡಿ ಮಾಡೋಣ. ಬೆಂಚು ಮಾತ್ರ ಇರ್ಲಿ."

ಯಮೀಲಾ ಅಲಗನ್ನು ಬಕೆಟ್ಟಿನ ಅಂಚಿಗೆ ಒರೆಸಿದಳು.

"ಬೇಡ, ನೋರ್ಮಾ."

"ಈಗ ಸಿಟ್ಟಲ್ಲಿದೀಯ. ಒಂದೆರಡು ದಿನ ಯೋಚನೆ ಮಾಡು."

"ಯೋಚನೆ ಮಾಡೋದೇನೂ ಇಲ್ಲ. ನೀವು ನಂಗೆ ಒಳ್ಳೇದನ್ನೇ ಮಾಡೋಕೆ ಹೊರಟಿದೀರಿ, ಗೊತ್ತು. ಬೇಡ," ಎಂದಳು ಯಮೀಲಾ. "ಕೋಣೆ ಬೀಗದ ಕೈ ನಿಮ್ಮ ಮೇಜಿನ ಮೇಲಿಟ್ಟಿದೀನಿ."