ಉಪ್ಪು ಎಲ್ಲಿದೆ ಎಂದು ಫ್ರೆಂಚಿನಲ್ಲಿ ಕೇಳಿದ ಸೌಟಕ್ಕ

ಸೌಟಕ್ಕನ ನಾಲಿಗೆಗೆ ಹೆದರಿ ಒಲೆಯ ಮೇಲಿನ ಹಾಲು ಕೂಡ ಅಪ್ಪಣೆ ಕೇಳಿಯೇ ಉಕ್ಕುತ್ತಿತ್ತು. ಅಂಥವಳು ಗಂಡ ಸತ್ತ ಮೇಲೆ ಬಾಯಿಗೆ ಬೀಗ ಹಾಕಿಕೊಂಡು, ಮಗಳನ್ನು ಕಟ್ಟಿಕೊಂಡು, ಅಣ್ಣನ ಮನೆಯಲ್ಲಿ ಅತ್ತಿಗೆಯ ಒಲೆಯ ಮುಂದೆ ಬೆಂದಳು. ಅಲ್ಲಿಂದ ಬಿಡಿಸಿಕೊಳ್ಳಲೆಂದೇ ಹೋಟೆಲಿನ ಅಡುಗೆಮನೆ ಸೇರಿದ್ದು. ಕೆಲಸ ಇನ್ನೂ ಗಟ್ಟಿಯಾಗಿರಲಿಲ್ಲ. ಶನಿವಾರ ಹೋಟೆಲಿನ ಯಜಮಾನಿ ಕಾಯಂ ಮಾಡಬೇಕು, ಇಲ್ಲವೇ ಮನೆಗೆ ಅಟ್ಟಬೇಕು.

"ಹೋಗ್ಬಾರಮ್ಮ, ನಿನ್ನ ಒಲೆ ಎಲ್ಲೂ ಓಡಿ ಹೋಗಲ್ಲ. ಪಾತ್ರೆನೂ ತೊಳೀದೆ ಇಟ್ಟಿರ್ತೀನಿ" ಎಂದು ಅತ್ತಿಗೆ ಹರಸಿ ಕಳಿಸಿದ್ದಳು.

ಹೋಟೆಲಿನಲ್ಲಿ ಕಾದಿದ್ದವನು ಮುಖ್ಯ ಅಡುಗೆಯವ ಮೀಸೆ ಸಾಹೇಬ. ಆ ಮೀಸೆಯ ಒಂದೊಂದು ತುದಿಗೂ ಒಂದೊಂದು ಕುಂಬಳಕಾಯಿ ತೂಗುಹಾಕಬಹುದಿತ್ತು. ಫ್ರೆಂಚ್ ಅಡುಗೆ ಕಲಿತು ಬಂದವನು. ಸೌಟಕ್ಕನ ಜಾಗಕ್ಕೆ ಹೆಂಡತಿಯ ತಮ್ಮನನ್ನು ತರುವ ಹುನ್ನಾರವಿತ್ತು. ಅದಕ್ಕೇ ಮೊದಲ ದಿನವೇ ಯಜಮಾನಿಯ ಎದುರು ಕಾನೂನು ಹೊರಡಿಸಿದ:

"ಇದು ಫ್ರೆಂಚ್ ಅಡುಗೆಮನೆ. ನನ್ನ ಕೇಳದೆ ಏನೂ ಮುಟ್ಟಬಾರ್ದು. ಕೇಳೋದಾದ್ರೆ ಫ್ರೆಂಚಲ್ಲೇ ಕೇಳ್ಬೇಕು."

ದಿನವೂ ಕೆಲಸ ಮುಗಿದ ಮೇಲೆ ಡಬ್ಬಿಗಳ ಜಾಗ ಬದಲಾಯಿಸುತ್ತಿದ್ದ. ಉಪ್ಪಿನ ಡಬ್ಬಿಯಷ್ಟು ಊರು ಸುತ್ತಿದ ಸನ್ಯಾಸಿಯೂ ಇರಲಾರ. ಸೌಟಕ್ಕ ತನ್ನ ಭಾಷೆಯಲ್ಲಿ ಕೇಳಿದರೆ ಕಿವುಡನಾಗುತ್ತಿದ್ದ. ಸಪ್ಪೆ ಸೂಪು ಊಟದ ಮೇಜಿಗೆ ಹೋಯಿತು. ಯಜಮಾನಿಯ ಮುಖ ಹುಳ್ಳಗಾಯಿತು.

ಶಾಲೆಯಲ್ಲಿ ಫ್ರೆಂಚ್ ಓದುತ್ತಿದ್ದ ಮಗಳು ದಾರಿ ತೋರಿಸಿದಳು. "'ಊ ಎ' ಅಂದ್ರೆ ಎಲ್ಲಿದೆ ಅಂತ, ಅಮ್ಮಾ. ಆಮೇಲೆ ಬೇಕಾದ ಸಾಮಾನಿನ ಹೆಸರು ಸೇರ್ಸು, ಅಷ್ಟೆ."

ಸೌಟಕ್ಕ ಎಷ್ಟು ಉರುಹೊಡೆದಳೆಂದರೆ, ಗೋಡೆಯ ಹಲ್ಲಿ ಲೊಚಗುಟ್ಟುವುದನ್ನು ಬಿಟ್ಟು 'ಊ ಎ' ಎನ್ನತೊಡಗಿತು.

ಶನಿವಾರ ಬಂತು. ಊಟದ ಗದ್ದಲ, ಯಜಮಾನಿ ಬಾಗಿಲಲ್ಲೇ ನಿಂತಿದ್ದಳು. ಮೀಸೆ ಸಾಹೇಬ ಮೊಟ್ಟೆ-ಬೆಣ್ಣೆಯ ಸಾಸ್ ಕಲಕುತ್ತಿದ್ದ. ಕೈ ನಿಂತರೆ ಒಡೆದುಹೋಗುವ ಸಾಸ್ ಅದು.

"ಊ ಎ ಲ ಸೆಲ್?" ಸೌಟಕ್ಕ ಉಪ್ಪು ಕೇಳಿದಳು, ಬೀದಿಗೆಲ್ಲ ಕೇಳುವಂತೆ.

ಅವನು ಬೆಚ್ಚಿದ. "ಕಿಟಕಿ ಹತ್ರ!"

"ಊ ಎ ಲ ಲೇ?" ಇದು ಹಾಲು.

"ಅದರ ಪಕ್ಕ!"

ಬೆಣ್ಣೆ ಕೇಳಿದಳು, ಎಣ್ಣೆ ಕೇಳಿದಳು, ಕೊನೆಗೆ "ಊ ಎ ಲ ಪ್ಯಾಂ?" ಎಂದು ಬ್ರೆಡ್ ಕೇಳಿದಳು.

"ನಿನ್ನ ಮೂಗಿನ ಕೆಳಗೇ ಇದೆಯಲ್ಲೇ, ಕತ್ತೆ!" ಅವನು ಕೈಯೆತ್ತಿ ತೋರಿಸಿದ.

"ಕಾಣ್ತಿದೆ ಸಾರ್. ಆದ್ರೆ ಕೇಳದೆ ಮುಟ್ಟೋ ಹಾಗಿಲ್ವಲ್ಲ, ನಿಮ್ಮದೇ ಕಾನೂನು."

ಅಷ್ಟರಲ್ಲಿ ಸಾಸ್ ಒಡೆದು ನೀರಾಯಿತು. ಹೊರಗಿನಿಂದ ಗಿರಾಕಿಗಳು ಚಮಚ ಬಡಿಯತೊಡಗಿದರು.

"ಸಾಕು ನಿಲ್ಸಯ್ಯ ನಿನ್ನ ಕಾನೂನು!" ಯಜಮಾನಿ ಸಿಡಿದಳು. "ಇವಳು ಕಾಯಂ. ಉಗ್ರಾಣದ ಬೀಗದಕೈ ಇವಳಿಗೆ ಕೊಡು. ಇನ್ನು ಮೇಲೆ ಸಾಮಾನು ಇವಳು ಇಟ್ಟಲ್ಲೇ ಇರ್ಬೇಕು."

ಮೀಸೆ ಸಾಹೇಬ ಬೀಗದಕೈಯನ್ನು ಸೌಟಕ್ಕನ ಕಾಲ ಬಳಿ ಬಿಸಾಕಿದ. ಅದು ಜಾರಿ ಹಿಟ್ಟಿನ ಮೂಟೆಯ ಹಿಂದೆ ಸೇರಿತು. ಅವಳು ಬಗ್ಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಮಗಳು ಹೇಳಿಕೊಟ್ಟ ಕೊನೆಯ ಮಾತನ್ನು ಹೊರತೆಗೆದಳು.

"ಊ ಎ ಲಾ ಕ್ಲೆ?" ಬೀಗದಕೈ ಎಲ್ಲಿದೆ?

ಯಜಮಾನಿ ನೋಡುತ್ತಲೇ ಇದ್ದಳು. ಅವನು ಮಂಡಿಯೂರಿ ಮೂಟೆಯ ಹಿಂದೆ ತಡಕಾಡಿದ. ಮೀಸೆ ನೆಲದ ಹಿಟ್ಟನ್ನೆಲ್ಲ ಗುಡಿಸಿತು. ಅವತ್ತು ಪೊರಕೆಗೆ ರಜೆ. ಅತ್ತಿಗೆಯ ಪಾತ್ರೆಗಳು ಅತ್ತಿಗೆಗೇ ಉಳಿದವು.