ಮಿಲ್ಟ್ರಿಯವರು ಮನ್ಯಾಗ ಅದಾರೇನ್ರಿ?

"ಅಕ್ಕಾರ, ಮಿಲ್ಟ್ರಿಯವರು ಮನ್ಯಾಗ ಅದಾರೇನ್ರಿ?"

ಮುಧೋಳದ ಆಚೆ, ಹೊಳೆದಂಡೆಯ ನಮ್ಮ ಕಬ್ಬಿನ ಹೊಲದ ಗೇಟಿನ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ ಒಬ್ಬ ಹೀಗೆ ಕೇಳಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಎರಡು ಮೊಬೈಲು. ನಾನು ಕಬ್ಬಿಗೆ ನೀರು ತಿರುವುತ್ತಿದ್ದೆ. ಕೈಯಲ್ಲಿ ಸಲಿಕೆ, ಮೊಣಕಾಲಿನವರೆಗೆ ಕೆಸರು.

"ನಾನ ಅದೇನಿ, ಹೇಳ್ರಿ" ಅಂದೆ.

ಅವನು ನಕ್ಕುಬಿಟ್ಟ. "ಚ್ಯಾಷ್ಟಿ ಮಾಡಬ್ಯಾಡ್ರಿ ಅಕ್ಕಾರ. ನಿಮ್ಮ ಮನಿಯವರನ್ನ ಕೇಳಾಕತ್ತೇನಿ. ಅವರು ಬಂದ ಮ್ಯಾಲೆ ಹೇಳ್ರಿ, ಉಸುಕಿನ ಗಾಡಿ ಹಾಯೂ ಹಾದ್ಯಾಗ ಕಲ್ಲ ಹಾಕಬ್ಯಾಡ್ರಿ ಅಂತ. ಛಲೋ ಆಗಂಗಿಲ್ಲ."

ಅದು ಹಾದಿಯಲ್ಲ, ನನ್ನ ಹೊಲದ ಬದು. ಹೊಳೆಯ ಉಸುಕು ತುಂಬಿದ ಟ್ರ್ಯಾಕ್ಟರುಗಳು ಅದರ ಮೇಲೆ ಓಡಾಡಿ ಬದು ಕುಸಿದಿತ್ತು, ಎರಡು ಸಾಲು ಕಬ್ಬು ನೆಲಕಚ್ಚಿತ್ತು. ಅದಕ್ಕೇ ನಾನು ದೊಡ್ಡ ಕಲ್ಲು ಉರುಳಿಸಿ ಇಟ್ಟಿದ್ದೆ. ತಹಶೀಲ್ದಾರರಿಗೆ ದೂರನ್ನೂ ಕೊಟ್ಟಿದ್ದೆ. ಎರಡನ್ನೂ ಮಾಡಿದವಳು ನಾನು. ಎಚ್ಚರಿಕೆ ಮಾತ್ರ ನನ್ನ ಗಂಡನ ಹೆಸರಿಗೆ ಬಂದಿತ್ತು!

ಈ ಅಂಕಣ ಓದುವವರಿಗೆ ನನ್ನ ಕಥೆ ಗೊತ್ತು. ಹೊಸಬರಿಗೆ ಚುಟುಕಾಗಿ ಹೇಳುತ್ತೇನೆ. ಹೆಸರು ಶಾಂತಾ. (ನಗಬೇಡಿ. ಇಟ್ಟದ್ದು ಅಪ್ಪ, ನಾನಲ್ಲ.) ಸಶಸ್ತ್ರ ಪಡೆಯೊಂದರಲ್ಲಿ ಇಪ್ಪತ್ತು ವರ್ಷ ದುಡಿದು ಬಂದವಳು. ಕೊನೆಯ ವರ್ಷಗಳಲ್ಲಿ ಹೊಸದಾಗಿ ಸೇರಿದ ಹುಡುಗಿಯರಿಗೆ ಆಯುಧ ಬಿಚ್ಚುವುದು, ಜೋಡಿಸುವುದು, ಗುರಿ ಹೊಡೆಯುವುದು ಕಲಿಸಿದೆ. ಅವರು ನನ್ನನ್ನು "ಉಸ್ತಾದ್" ಅನ್ನುತ್ತಿದ್ದರು. ನಮ್ಮ ಮನೆಯವರದು (ಹೌದು, ನಾನೂ ಹಾಗೇ ಅನ್ನುವುದು) ಬನಹಟ್ಟಿಯಲ್ಲಿ ಪವರ್‌ಲೂಮು. ದೀಪಾವಳಿಯಲ್ಲಿ ಓಣಿಯ ಮಕ್ಕಳು ಲಕ್ಷ್ಮೀ ಪಟಾಕಿ ಹಚ್ಚಿದರೆ ಒಳಗೆ ಹೋಗಿ ಮಗ್ಗ ಚಾಲೂ ಮಾಡುವ ಮನುಷ್ಯ. ಆ ಸದ್ದಿನಲ್ಲಿ ಈ ಸದ್ದು ಕೇಳುವುದಿಲ್ಲವಂತೆ.

ಅಪ್ಪ ಬಿಟ್ಟುಹೋದ ಹೊಲ ನನ್ನ ಪಾಲಿನದು. ವಾರದಲ್ಲಿ ನಾಲ್ಕು ದಿನ ಹೊಲದ ಮನೆಯಲ್ಲಿರುತ್ತೇನೆ. ಜೊತೆಗೆ ಬಿಜಲಿ ಇದ್ದಳು. ಮುಧೋಳದ ನಾಯಿ, ಸಪೂರ ಸೊಂಟ, ಓಡಿದರೆ ಕಬ್ಬಿನ ಸಾಲಿನಲ್ಲಿ ಬರೀ ಗಾಳಿ ಹೋದಂತೆ ಕಾಣುತ್ತಿತ್ತು.

"ಇದ್ದಳು" ಅಂದೆ, ಗಮನಿಸಿದಿರಾ?

ಬಿಳಿ ಅಂಗಿಯವನು ಬಂದುಹೋದ ಮುಂದಿನ ವಾರ ಬೆಳಿಗ್ಗೆ ಬಿಜಲಿ ಪಂಪ್‌ಸೆಟ್ ಮನೆಯ ಬಾಗಿಲಲ್ಲಿ ಸತ್ತು ಬಿದ್ದಿದ್ದಳು. ಬಾಯಲ್ಲಿ ನೊರೆ. ಪಕ್ಕದಲ್ಲಿ ಅರ್ಧ ತಿಂದ ಮಾಂಸದ ತುಂಡು. ಬದುವಿನ ಮೇಲಿನ ಕಲ್ಲು ಪಕ್ಕಕ್ಕೆ ಉರುಳಿತ್ತು. ಟ್ರ್ಯಾಕ್ಟರಿನ ಗಾಲಿಯ ಗುರುತು ಇನ್ನೂ ಹಸಿಯಾಗಿತ್ತು. ನಾನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಟ್ಟಿಯಾಗಿ ಅತ್ತೆ. ಯಾರು ನೋಡಿದರೂ ನೋಡಲಿ ಅನ್ನಿಸಿತ್ತು. ಅತ್ತು ಮುಗಿದ ಮೇಲೆ ಮಣ್ಣು ಮಾಡಿದೆ. ಆಮೇಲೆ ಕಲ್ಲನ್ನು ಮತ್ತೆ ಮೊದಲಿನ ಜಾಗಕ್ಕೇ ಉರುಳಿಸಿದೆ.

ಪಿಸ್ತೂಲಿನ ಲೈಸೆನ್ಸಿಗೆ ಅರ್ಜಿ ಹಾಕಬೇಕು ಅಂತ ತೀರ್ಮಾನಿಸಿದ್ದು ಆ ದಿನ.

ಸುದ್ದಿ ಕೇಳಿದ್ದೇ ತಡ, ಉಪದೇಶಗಳ ಮಳೆ. ಬೀಳಗಿಯಲ್ಲಿರುವ ತಂಗಿ ಫೋನ್ ಮಾಡಿ, "ಅಕ್ಕಾ, ಹೊಲಾ ಲಾವಣಿ ಹಾಕಿ ಸುಮ್ನ ಬನಹಟ್ಟ್ಯಾಗ ಇದ್ದಬಿಡು" ಅಂದಳು. ಹೊಲವನ್ನು ಗುತ್ತಿಗೆಗೆ ಯಾಕೆ ಕೊಡಬೇಕು? ಉಸುಕು ಕದಿಯುವವರು ಆರಾಮಾಗಿ ಓಡಾಡಬೇಕು, ಹೊಲದ ಒಡತಿ ಬಾಗಿಲು ಹಾಕಿಕೊಂಡು ಕೂರಬೇಕೇ? ಮನೆಯವರು ಮಾತ್ರ "ನಿನಗ ಬೇಕನ್ನಿಸಿದ್ರ ತಗೋ. ನನಗ ತೋರಸಬ್ಯಾಡ" ಅಂದರು. ಇಷ್ಟು ವರ್ಷದ ಸಂಸಾರದಲ್ಲಿ ಇದಕ್ಕಿಂತ ದೊಡ್ಡ ಬೆಂಬಲ ನನಗೆ ನೆನಪಿಲ್ಲ.

ಪಿಸ್ತೂಲು ಆಟದ ಸಾಮಾನಲ್ಲ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಒಬ್ಬ ಮನುಷ್ಯನ ಮೇಲೂ ಗುಂಡು ಹಾರಿಸಿಲ್ಲ. ಇನ್ನು ಮುಂದೆಯೂ ಹಾರಿಸುವ ಪ್ರಸಂಗ ಬಾರದಿರಲಿ. ಆದರೆ ಇವತ್ತು ನಾಯಿಗೆ ವಿಷ ಹಾಕಿದವರು ನಾಳೆ ಬಾಗಿಲು ಬಡಿದರೆ? ಸಲಿಕೆ ತೋರಿಸಲೇ?

ಅರ್ಜಿ ಹಾಕುವವರು ಮೊದಲು ಆಯುಧ ತರಬೇತಿ ಪಡೆದ ಪ್ರಮಾಣಪತ್ರ ಕೊಡಬೇಕು. ಸಶಸ್ತ್ರ ಪಡೆಯಲ್ಲಿ ದುಡಿದವರು ಇದರಿಂದ ವಿನಾಯಿತಿ ಕೇಳಬಹುದು ಅಂದರು. ನಾನು ಕೇಳಿದೆ. ಸೇವೆಯ ದಾಖಲೆ ಲಗತ್ತಿಸಿದೆ. ಸಲೀಸು ಕೆಲಸ ಅಂದುಕೊಂಡೆ.

ಒಂದು ದಿನ ಪತ್ರ ಬಂತು. "ಅರ್ಜಿದಾರರ ಪತಿಯು ಪಡೆದ ತರಬೇತಿಯು ಪತ್ನಿಗೆ ಅನ್ವಯಿಸುವುದಿಲ್ಲವಾದ್ದರಿಂದ ವಿನಾಯಿತಿಗೆ ಅವಕಾಶವಿರುವುದಿಲ್ಲ."

ಯಾವ ಪತಿ? ಎಲ್ಲಿಯ ತರಬೇತಿ? ನಮ್ಮ ಮನೆಯವರಿಗೆ ಪತ್ರ ತೋರಿಸಿದೆ. ಕನ್ನಡಕ ಏರಿಸಿ ಓದಿ, "ನಾ ಯಾವಾಗ ಮಿಲ್ಟ್ರಿಗೆ ಹೋಗಿದ್ನೇ?" ಅಂತ ನನ್ನನ್ನೇ ಕೇಳಿದರು.

ಮರುದಿನ ಜಮಖಂಡಿ ಬಸ್ಸು ಹಿಡಿದೆ. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಕಚೇರಿ. (ಯಾವ ಊರಿನ ಕಚೇರಿ ಅಂತ ಹೇಳುವುದಿಲ್ಲ. ನನ್ನ ಕೆಲಸ ಇನ್ನೂ ಪೂರ್ತಿ ಆಗಿಲ್ಲ.) ಗುಮಾಸ್ತರು ಹಿರಿಯರು, ವಿಭೂತಿ ಹಚ್ಚಿದ ಹಣೆ, ತುಂಬಾ ಮೃದು ಮಾತು. ಕುರ್ಚಿ ಕೊಟ್ಟರು, ಚಹಾ ತರಿಸಿದರು.

"ಅಕ್ಕಾರ, ನೀವ್ಯಾಕ ತ್ರಾಸ ತಗೊಂಡ್ರಿ? ಸಾಹೇಬರನ್ನ ಕಳಿಸಿದ್ರ ಆಗತಿತ್ತಲ್ರಿ."

"ಯಾವ ಸಾಹೇಬರ್ರಿ?"

"ಮಿಲ್ಟ್ರಿಯವರು."

ನಾನು ಚಹಾ ಕೆಳಗಿಟ್ಟೆ. ಫೈಲು ತೋರಿಸಿ ಅಂದೆ. ಅದರಲ್ಲಿ ನನ್ನ ಸೇವೆಯ ದಾಖಲೆ ಇತ್ತು. ಹೆಸರು "ಎಸ್. ಬಿ. ಪಾಟೀಲ", ತವರಿನ ಅಡ್ಡಹೆಸರು. ಫೋಟೋದಲ್ಲಿ ಕತ್ತರಿಸಿದ ಕೂದಲು, ಮೇಲೆ ಟೋಪಿ. "ಇವರು ನಿಮ್ಮ ಮನಿಯವರಲ್ಲೇನ್ರಿ?" ಅಂದರು. "ಅದು ನಾನ್ರಿ" ಅಂದೆ. ಅವರು ಫೋಟೋ ನೋಡಿದರು, ನನ್ನ ಸೆರಗು ನೋಡಿದರು, ಮತ್ತೆ ಫೋಟೋ ನೋಡಿದರು. "ಟೋಪಿ ಐತಲ್ರಿ..." ಅಂದರು ಪಾಪ.

ಹೆಣ್ಣು ಅಂತ ಅದೇ ಹಾಳೆಯಲ್ಲಿ ಅಚ್ಚಾಗಿತ್ತು. ಟೋಪಿಯ ಕೆಳಗೆ ಅಷ್ಟು ದೂರ ಯಾರೂ ಓದಿರಲಿಲ್ಲ.

ಅದರ ಕೆಳಗೆ ಪೊಲೀಸ್ ವಿಚಾರಣೆಯ ವರದಿ. ಓದುತ್ತಾ ಹೋದಂತೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು. "ಸದರಿ ಮಿಲಿಟರಿಯವರು ಇಪ್ಪತ್ತು ವರ್ಷ ದೇಶಸೇವೆ ಮಾಡಿ ಬಂದು ಊರಲ್ಲಿ ಸನ್ನಡತೆಯಿಂದ ಇರುತ್ತಾರೆ. ಅವರ ಪತ್ನಿ ಹೊಲ ಮನೆ ನೋಡಿಕೊಂಡಿರುತ್ತಾರೆ."

ಗೊತ್ತಾಯಿತಲ್ಲ? ದೇಶಸೇವೆ ಮಾಡಿದವಳೂ ನಾನೇ, ಹೊಲ ಮನೆ ನೋಡಿಕೊಳ್ಳುವವಳೂ ನಾನೇ. ಸರ್ಕಾರದ ಕಾಗದದಲ್ಲಿ ನನಗೂ ನನಗೂ ಮದುವೆಯಾಗಿತ್ತು!

ಗುಮಾಸ್ತರು ದಾರಿಯನ್ನೂ ತೋರಿಸಿದರು. "ಯಾಕ ಹಟಾ ಮಾಡತೀರಿ? ಸ್ವಲ್ಪ ದಿನದ ಟ್ರೇನಿಂಗ ಐತ್ರಿ. ಹೋಗಿ ಕುಂತ ಬರ್ರಿ, ಸರ್ಟಿಫಿಕೇಟ ಕೊಡ್ತಾರ. ಕೆಲಸಾ ಆತು."

ಕೆಲಸ ಆಗುತ್ತಿತ್ತು, ಖರೆ. ನಿಯಮವೇ ಹಾಗಿದ್ದರೆ ಹೋಗಿ ಕೂರಲು ನನಗೇನೂ ನಾಚಿಕೆಯಿಲ್ಲ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದರೆ ಹೇಗೆ? ನಾನು ಆ ತರಬೇತಿಗೆ ಹೋದೆ ಅಂದರೆ ಆ ವರದಿಯನ್ನು ಒಪ್ಪಿಕೊಂಡ ಹಾಗೆ. ಅವನು ಮಿಲ್ಟ್ರಿ, ಇವಳು ಹೆಂಡತಿ. ನನ್ನ ಇಪ್ಪತ್ತು ವರ್ಷ, ಬಂದೂಕು ಹಿಡಿದು ನನ್ನ ಬೆರಳಿಗೆ ಬಿದ್ದ ಗಂಟು, ನನ್ನ ಹುಡುಗಿಯರ "ಉಸ್ತಾದ್", ಎಲ್ಲಾ ನಮ್ಮ ಮನೆಯವರ ಖಾತೆಗೆ ಜಮಾ. ಪಿಸ್ತೂಲು ಸಿಗದಿದ್ದರೂ ಸರಿ, ಇದನ್ನು ಬಿಡುವುದಿಲ್ಲ ಅಂತ ಅಲ್ಲೇ ನಿರ್ಧಾರ ಮಾಡಿದೆ.

"ಟ್ರೇನಿಂಗ ಬ್ಯಾಡ್ರಿ. ವರದಿ ತಿದ್ದಸ್ರಿ" ಅಂದೆ.

"ಊರವರ ಹೇಳಿಕಿ ಐತಲ್ರಿ. ಅವರ ಬಂದು ಬದಲಿಸಿ ಹೇಳಬೇಕಾಕ್ಕೈತಿ."

ಹೇಳಿಕೆ ಕೊಟ್ಟವರು ಯಾರು? ನಮ್ಮ ಪಕ್ಕದ ಹೊಲದ ಮಲ್ಲಪ್ಪ ಕಾಕಾ. ಅಪ್ಪನ ಗೆಳೆಯರು. ನಾನು ಬನಹಟ್ಟಿಗೆ ಹೋಗಿದ್ದ ದಿನ ಪೊಲೀಸರು ಅವರನ್ನು ಕೇಳಿದ್ದರು. ಕಚೇರಿಯಿಂದ ಬಂದ ಸಂಜೆಯೇ ನೇರ ಅವರ ಹೊಲಕ್ಕೆ ಹೋದೆ.

"ಕಾಕಾ, ಪೊಲೀಸರ ಮುಂದ ಏನಂತ ಹೇಳಿದಿ?"

"ಛಲೋನ ಹೇಳೇನವಾ! ಮಿಲ್ಟ್ರಿಯವರು ಬಾಳ ದೊಡ್ಡ ಮನಷ್ಯಾರು, ಅವರು ಬಂದೂಕ ಹಿಡದ ಗಡಿ ಕಾದಾರ ಅಂತ ಹೇಳೇನಿ."

"ಅವರು ಅಂದಿ?"

"ಮತ್ತೇನನ್ಲಿ?"

"ಅಕಿ ಅನ್ನಬೇಕಿತ್ತು. ನೀ ಅವರು ಅಂದಿದ್ದಕ್ಕ ಪೊಲೀಸರು ನಮ್ಮ ಮನಿಯವರು ಅಂತ ತಿಳಕೊಂಡಾರ."

ಕಾಕಾ ಹೌಹಾರಿಬಿಟ್ಟರು. "ಶಾಂತವ್ವಾ, ಎದುರಿಗೆ ನಿನ್ನ ಏನರ ಅಂದೇನು. ಮಂದಿ ಮುಂದ ನಿನಗ ಅಕಿ ಅನ್ನೂದ? ದೇಶಾ ಕಾದ ಬಂದಾಕಿಗೆ? ನಾಲಿಗಿ ಹೆಂಗ ಬರಬೇಕು?"

ನೋಡಿ, ಎಂಥ ಪೇಚಾಟ! ಗಂಡಸಿಗಾದರೂ ಹೆಂಗಸಿಗಾದರೂ ನಮ್ಮ ಭಾಷೆಯಲ್ಲಿ ಮರ್ಯಾದೆಗೆ ಒಂದೇ ಮಾತು: ಅವರು. ಅದರೊಳಗೆ ಯಾರಿದ್ದಾರೆ ಅಂತ ಕೇಳುವವನೇ ತಿಳಿದುಕೊಳ್ಳಬೇಕು. ಮಿಲ್ಟ್ರಿಯವರು ಅಂದರೆ ಕೇಳುವವನ ಕಣ್ಣ ಮುಂದೆ ಮೀಸೆ ಬರುತ್ತದೆ. ಪೊಲೀಸರಿಗೂ ಬಂತು, ಗುಮಾಸ್ತರಿಗೂ ಬಂತು, ಆ ಬಿಳಿ ಅಂಗಿಯವನಿಗೂ ಬಂತು. ಕಾಕಾ ಕೊಟ್ಟ ಮರ್ಯಾದೆ ನಮ್ಮ ಮನೆಯವರ ಮುಖಕ್ಕೆ ಹೋಗಿ ಅಂಟಿಕೊಂಡಿತ್ತು.

ಮುಂದಿನ ಸೋಮವಾರ ಕಾಕಾ ಹೊಸ ಪಟಕಾ ಸುತ್ತಿಕೊಂಡು ನನ್ನ ಜೊತೆ ಬಂದರು. ನಮ್ಮ ಮನೆಯವರೂ ಒಂದು ದಿನ ಮಗ್ಗ ನಿಲ್ಲಿಸಿ ಬಂದರು. ವಿಚಾರಣೆ ಮಾಡಿದ್ದ ಪೊಲೀಸರನ್ನೂ ಕರೆಸಿದ್ದರು. ಕಾಕಾ ಬಾಗಿಲಲ್ಲೇ ಒಮ್ಮೆ ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಿದೆ.

"ಅಕಿನ್ರಿ ಸಾಹೇಬರ!" ಇಡೀ ಕಚೇರಿ ತಿರುಗಿ ನೋಡುವಂತೆ ಕಾಕಾ ಕೂಗಿದರು. "ಅಕಿನ ಮಿಲ್ಟ್ರಿ! ಆಂವ ಅಲ್ಲ. ಆಂವ ನೂಲಿನ ಮನಷ್ಯಾ. ಬಂದೂಕ ಹಿಡದಾಕಿ ಅಕಿ!"

ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ತಪ್ಪ ತಿಳಕೋಬ್ಯಾಡವಾ. ಅಕಿ ಅಂದೆ" ಅಂದರು. ಮುದುಕರ ಕಣ್ಣಲ್ಲಿ ನೀರಿತ್ತು. ಇಪ್ಪತ್ತು ವರ್ಷದಲ್ಲಿ ಎಷ್ಟೋ ಸಲ್ಯೂಟ್ ಹೊಡೆಸಿಕೊಂಡಿದ್ದೇನೆ. ಆ "ಅಕಿ"ಯಷ್ಟು ಯಾವುದೂ ಎದೆಗೆ ತಾಕಿರಲಿಲ್ಲ.

ನಮ್ಮ ಮನೆಯವರೂ ಹೇಳಿಕೆ ಕೊಟ್ಟರು. "ನಾ ಪಟಾಕಿಗೂ ಅಂಜಾಂವ್ರಿ. ಬರ್ಕೋರಿ." ಬರೆದುಕೊಂಡರು.

ಪೊಲೀಸರು ವರದಿ ತಿದ್ದಿದರು. ಅದರ ಮೇಲೆ ಕಚೇರಿಯ ಟಿಪ್ಪಣಿ ಬರೆಯುವಾಗ ಮತ್ತೆ ಒಂದು ತಕರಾರು. ಗುಮಾಸ್ತರು "ಅರ್ಜಿದಾರರು" ಅಂತ ಶುರು ಮಾಡಿದರು. "ಅರ್ಜಿದಾರಳು ಅಂತ ಬರೀರಿ" ಅಂದೆ. "ಅದು ಮರ್ಯಾದಿ ಕಮ್ಮಿ ಆಕ್ಕೈತ್ರಿ ಅಕ್ಕಾರ" ಅಂದರು. "ಆಗಲಿ ಬಿಡ್ರಿ, ನಾ ಕಾಣಿಸಿದ್ರ ಸಾಕು" ಅಂದೆ. ಬರೆದದ್ದರ ಮೇಲೆ ಗೀಟು ಎಳೆದರು. ಕೊನೆಗೆ ಬರೆದರು.

ತರಬೇತಿಯಿಂದ ವಿನಾಯಿತಿ ಸಿಕ್ಕಿದೆ. ಲೈಸೆನ್ಸು ಇನ್ನೂ ದೊಡ್ಡ ಸಾಹೇಬರ ಟೇಬಲ್ಲಿನ ಮೇಲಿದೆ. ಕೊಡುತ್ತಾರೋ ಇಲ್ಲವೋ ಅವರಿಗೆ ಬಿಟ್ಟದ್ದು. ಕೊಡದಿದ್ದರೆ ಮೇಲ್ಮನವಿ ಇದೆ, ಬಸ್ಸೂ ಇದೆ. ನನಗೆ ಕಾಯುವುದು ಗೊತ್ತು. ಕಾವಲುಗಾರರ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ.

ಮೊನ್ನೆ ಹೊಲದಲ್ಲಿದ್ದೆ. ಬದುವಿನ ಮೇಲೆ ಕಲ್ಲು ತನ್ನ ಜಾಗದಲ್ಲೇ ಇತ್ತು. ಗೇಟಿನ ಮುಂದೆ ಟ್ರ್ಯಾಕ್ಟರ್ ನಿಂತ ಸದ್ದಾಯಿತು. ಅದೇ ಬಿಳಿ ಅಂಗಿ, ಅದೇ ಎರಡು ಮೊಬೈಲು. ನನ್ನ ಕೈಯಲ್ಲಿ ಪಿಸ್ತೂಲಿಲ್ಲ, ಸಲಿಕೆ ಮಾತ್ರ. ಹೆದರಿಕೆ ಆಯಿತೇ? ಆಯಿತು. ಆದರೂ ಸಲಿಕೆಯನ್ನು ನೆಲಕ್ಕೆ ಊರಿ, ಬಿಜಲಿಯನ್ನು ಮಣ್ಣು ಮಾಡಿದ ಜಾಗ ದಾಟಿ ಗೇಟಿಗೆ ಹೋದೆ.

"ಅಕ್ಕಾರ, ಮಿಲ್ಟ್ರಿಯವರು ಮನ್ಯಾಗ ಅದಾರೇನ್ರಿ?"

"ಅದಾರ. ನಿನ್ನ ಜೋಡಿನ ಮಾತಾಡಾಕತ್ತಾರ, ಏನ್ ಹೇಳೂದೈತಿ ಹೇಳು."