ಹಿಟ್ಟಿನ ಮೇಲಿನ ನಾಲ್ಕು ಬೆರಳು

ಸಮಸ್ತ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ, ಇಂದು ನಮ್ಮ ಮನೆಯ ಹಿಟ್ಟಿನ ಡಬ್ಬಿ ತುಂಬಿತು! ಗಿರಣಿಯಿಂದ ಬಂದ ಜೋಳದ ಹಿಟ್ಟಿನ ಬಿಸಿ ವಾಸನೆ ಮೂಗಿಗೆ ಬೀಳುವುದಕ್ಕೂ ಮೊಮ್ಮಗಳು ಶಾಲೆಯ ನೋಟುಬುಕ್ಕು ಹಿಡಿದು ಕೇಳುವುದಕ್ಕೂ ಸರಿಹೋಯಿತು: "ಅಜ್ಜಾ, ಅಪನಂಬಿಕೆ ಅಂದ್ರ ಏನು?"

ಈ ಪದಕ್ಕೆ ನನಗೆ ನಿಘಂಟು ಬೇಕಿಲ್ಲ. ಯುದ್ಧಕಾಲದ ರೇಶನ್ ದಿನಗಳು. ಸದಾಶಿವ ಪೇಠೆಯ ನಮ್ಮ ಹಳೇ ವಾಡೆಮನೆಯಲ್ಲಿ ಅಜ್ಜಿ ಹಿಟ್ಟು ತೆಗೆದಾಗಲೆಲ್ಲ ಉಳಿದದ್ದನ್ನು ಅಂಗೈಯಿಂದ ಸವರಿ, ಮೇಲೆ ನಾಲ್ಕು ಬೆರಳೊತ್ತಿ ಮುಚ್ಚಳ ಹಾಕುತ್ತಿದ್ದಳು. ಯಾರು ಕೈ ಹಾಕಿದರೂ ಗುರುತು ಕೆಡಬೇಕು. ಸರ್ಕಾರದ ಖಜಾನೆಗೂ ಅಂಥ ಬಂದೋಬಸ್ತು ಇದ್ದಿರಲಿಕ್ಕಿಲ್ಲ. ಇಷ್ಟೆಲ್ಲ ಯಾರಿಗಾಗಿ? ಗಂಡ ಸತ್ತ ಮೇಲೆ ನಮ್ಮಲ್ಲೇ ಉಳಿದ ಕಾಕುಗಾಗಿ, ಅಂದರೆ ನನ್ನ ಚಿಕ್ಕಮ್ಮನಿಗಾಗಿ.

ಒಮ್ಮೆ ಎಲ್ಲರೂ ಭೋರ್ ಎಂಬ ಊರಿಗೆ ಮದುವೆಗೆ ಹೋದರು. ಪರೀಕ್ಷೆಯಿದ್ದ ನಾನು, ಕಾಕು ಇಬ್ಬರೇ ಉಳಿದೆವು. ಅವಳಿಗೆ ಜ್ವರ ಬಂತು. ಅಜ್ಜಿ ಹೊರಗೆ ಅಳೆದಿಟ್ಟಿದ್ದ ಹಿಟ್ಟು ನನ್ನ ರೊಟ್ಟಿಗೇ ಮುಗಿಯಿತು.

"ಕಾಕು, ಡಬ್ಬಿ ತರ್ಲೇನು? ಒಂದೀಟು ಅಂಬಲಿ ಮಾಡ್ಕೊಂಡು ಕುಡಿ."

"ಬ್ಯಾಡೋ ರಾಜಾ. ಆ ಬೆರಳು ಅಳಿಸಿದ್ರ ಈ ಮನ್ಯಾಗ ನನಗ ಜಾಗಾ ಇರಂಗಿಲ್ಲ."

ಬರೀ ನೀರು ಕುಡಿದು ಮಲಗಿದಳು.

ಊರಿಂದ ಬಂದ ಅಜ್ಜಿ ಮೊದಲು ಡಬ್ಬಿ ತೆರೆದಳು. ನಾಲ್ಕೂ ಬೆರಳು ಹಾಗೇ ಇದ್ದವು. ಆಮೇಲೆ ಕಾಕುವಿನ ಕಡೆ ತಿರುಗಿದಳು: "ಯಾಕ, ಏನೂ ತಿಂದಿಲ್ಲೇನು?"

ಆ ವಾರವೇ ಕಾಕು ತೀರಿಹೋದಳು. ಜ್ವರ ಕೊಂದಿತು ಎಂದರು ಎಲ್ಲರೂ. ಅಜ್ಜಿ ಹಿಟ್ಟಿಗೆ ಬೆರಳೊತ್ತುವುದನ್ನು ಬಿಡಲಿಲ್ಲ.

ಮೊಮ್ಮಗಳಿಗೆ "ನಂಬಿಕೆ ಇಲ್ಲದಿರುವುದು" ಎಂದಷ್ಟೇ ಬರೆಸಿದೆ. ನಿಮ್ಮಲ್ಲಿ ಒಂದು ಸಣ್ಣ ವಿನಂತಿ: ಅಡುಗೆಮನೆಗೆ ಹೋದಾಗ ನಿಮ್ಮ ಹಿಟ್ಟಿನ ಡಬ್ಬಿಯನ್ನು ಒಮ್ಮೆ ಅಲುಗಾಡಿಸಿಬಿಡಿ.